ಕೊಡಗಿನ ಕೋವಿ, ದಿಲ್ಲಿಯ ಕಾಯಿದೆ

ದಿಲ್ಲಿಯ ಸರಕಾರಿ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಉತ್ತರ ಭಾರತದ ಸಹೋದ್ಯೋಗಿಗಳಿಂದ ತಪ್ಪದೆ ಬರುವ ಪ್ರಶ್ನೆಗಳು ಕೆಲವಿವೆ. ನಾವೆಲ್ಲ ಮದರಾಸಿನವರೇ ಎಂಬುದು ಒಂದು, ಮೂರು ಹೊತ್ತೂ ಇಡ್ಲಿ ತಿನ್ನುತ್ತೇವೆಯೇ ಎಂಬುದು ಇನ್ನೊಂದು. ವಿಭಾಗದಲ್ಲಿ ಕೊಡಗಿನವರು ಒಬ್ಬರಿದ್ದರಂತೂ ಮೂರನೆಯದು ಖಂಡಿತ: "ನಿಮ್ಮ ಕಡೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಬಹುದಂತೆ, ನಿಜವೇ?" ಕೇಳುವವರು ಮೀರತ್ ಅಥವಾ ಬಾಗಪತ್ ಕಡೆಯವರಾದರೆ ಧ್ವನಿಯಲ್ಲಿ ಒಂದಿಷ್ಟು ಹೊಟ್ಟೆಕಿಚ್ಚೂ ಸೇರಿರುತ್ತದೆ.

ನಿಜವೇ ಎಂದು ನಾವು ಹೆಮ್ಮೆಯಿಂದ ತಲೆಯಾಡಿಸುತ್ತೇವೆ, ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಅದು ಅರ್ಧ ಉತ್ತರ. ಆ ರಿಯಾಯಿತಿ ಏಕೆ ಬಂತು, ಅದನ್ನು ಪಡೆದವರು ಒಂದೂವರೆ ಶತಮಾನಕ್ಕೂ ಮಿಕ್ಕಿ ಆಯುಧವನ್ನು ಹೇಗೆ ಹಿಡಿದುಕೊಂಡು ಬಂದರು, ಇಂದಿನ ಬಂದೂಕಿನಲ್ಲಿರುವ 'ಸೇಫ್ಟಿ' ಎಂಬ ಸಣ್ಣ ಕೀಲು ಹುಟ್ಟುವುದಕ್ಕೆ ಮೊದಲು ಜನ ಯಾವುದನ್ನು ನಂಬಿಕೊಂಡಿದ್ದರು ಎಂಬುದೆಲ್ಲ ಉಳಿದರ್ಧ. ಮಕ್ಕಳನ್ನು ಕಟ್ಟಿಕೊಂಡು ಇಲ್ಲಿನ ಮದುವೆ ಮೆರವಣಿಗೆಗಳಿಗೆ ಹೋಗಿಬರುವ ನಮಗೆ ಈ ಉಳಿದರ್ಧವೇ ಹೆಚ್ಚು ಬೇಕಾದದ್ದು.

ಕೋವಿಯ ಚರಿತ್ರೆಯನ್ನು ಈ ಭಾಗದವರು 1526ರ ಪಾಣಿಪತ್ ಕದನದಿಂದ ಆರಂಭಿಸುವುದು ವಾಡಿಕೆ. ಬಾಬರನ ತೋಪು, ಬತ್ತಿ ಕೋವಿಗಳ ಮುಂದೆ ಇಬ್ರಾಹಿಂ ಲೋದಿಯ ದೊಡ್ಡ ಸೈನ್ಯ ನಿಲ್ಲಲಿಲ್ಲ ಎಂದು ಶಾಲೆಯ ಪುಸ್ತಕದಲ್ಲಿ ನಾವೂ ಓದಿದ್ದೇವೆ. ಅದಕ್ಕೆ ಆರು ವರ್ಷ ಮೊದಲೇ, 1520ರಲ್ಲಿ, ರಾಯಚೂರಿನ ಕೋಟೆಯ ಮುಂದೆ ಕೃಷ್ಣದೇವರಾಯನ ಪರವಾಗಿ ಕ್ರಿಸ್ಟೊವಾವೊ ದೆ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕಿನವರು ಗೋಡೆಯ ಮೇಲೆ ತಲೆಯೆತ್ತಿದ ಕಾವಲುಗಾರರನ್ನು ಗುರಿಯಿಟ್ಟು ಹೊಡೆದರೆಂದು ಅದೇ ದೇಶದ ನೂನಿಜ್ ಬರೆದಿಟ್ಟಿದ್ದಾನೆ. ಪಾಣಿಪತ್ ಈಗ ರಾಜಧಾನಿ ವಲಯಕ್ಕೇ ಸೇರಿದ ಜಿಲ್ಲೆ; ಅಲ್ಲಿಯ ಸ್ಮಾರಕಗಳಿಗೆ ಮಕ್ಕಳನ್ನು ಕರೆದೊಯ್ಯುವ ಪಾಲಕರು ರಾಯಚೂರಿನ ಹೆಸರನ್ನೂ ಒಮ್ಮೆ ಹೇಳಿದರೆ ತಪ್ಪಿಲ್ಲ.

ಆ ಕಾಲದ ಬತ್ತಿ ಕೋವಿಗೆ ಸೇಫ್ಟಿ ಎಂಬುದೇ ಇರಲಿಲ್ಲ. ಒಂದು ಕಡೆ ಸದಾ ಉರಿಯುತ್ತಿರುವ ಬತ್ತಿ, ಸೊಂಟದಲ್ಲಿ ಮದ್ದಿನ ಚೀಲ, ಎರಡೂ ಒಬ್ಬನೇ ಮನುಷ್ಯನ ಮೈಮೇಲೆ! ಬತ್ತಿಯನ್ನು ಮದ್ದಿನಿಂದ ದೂರ ಹಿಡಿಯುವುದು, ಬಟ್ಟಲಿನ ಮುಚ್ಚಳ ಮುಚ್ಚಿರುವುದು, ಹೇಳಿದ ಮೇಲೆಯೇ ತೆರೆಯುವುದು, ಇಷ್ಟೇ ರಕ್ಷಣೆ. ಸಿಪಾಯಿಗೆ ಕಲಿಸುತ್ತಿದ್ದ ಕವಾಯತಿನಲ್ಲಿ ಅರ್ಧದಷ್ಟು ಶತ್ರುವನ್ನು ಕೊಲ್ಲುವುದಕ್ಕಾದರೆ ಇನ್ನರ್ಧ ಪಕ್ಕದವನನ್ನು ಕೊಲ್ಲದಿರುವುದಕ್ಕೆ. ಟಿಪ್ಪುವಿನ ಕಾಲಕ್ಕೆ ಬೆಣಚುಕಲ್ಲಿನ ಕೋವಿ ಬಂದಿತ್ತು. ಕಲ್ಲನ್ನು ಕಚ್ಚಿಕೊಂಡು ಹಿಂದಕ್ಕೆ ಬಾಗುವ ಭಾಗಕ್ಕೆ ನಮ್ಮ ಹಳಬರು 'ಕುದುರೆ' ಎಂದರು. ಎಷ್ಟು ಒಪ್ಪುವ ಹೆಸರು! ಕುದುರೆಯನ್ನು ಪೂರ್ತಿ ಎಳೆದರೆ ಅದು ಜಿಗಿಯಲು ಸಿದ್ಧ. ಅರ್ಧ ಎಳೆದು ನಿಲ್ಲಿಸಿದರೆ ಒಳಗಿನ ಗಾಲಿಯ ಆಳವಾದ ಕಚ್ಚಿನಲ್ಲಿ ಸಿಕ್ಕಿಕೊಂಡು, ಟ್ರಿಗರ್ ಎಳೆದರೂ ಬೀಳದು. ಈ 'ಅರ್ಧ ಕುದುರೆ'ಯೇ ನಾವು ಇಂದು ಸೇಫ್ಟಿ ಎನ್ನುವುದರ ಮುತ್ತಜ್ಜ. ಬೆಣಚುಕಲ್ಲು ಹೋಗಿ ಕೇಪು ಬಂದಾಗಲೂ ಇದೇ ಮುಂದುವರಿಯಿತು. ಕಚ್ಚು ಸವೆದರೆ ಮಾತ್ರ ಕುದುರೆ ಹೇಳದೆ ಕೇಳದೆ ಓಡುತ್ತಿತ್ತು. ಮಲೆನಾಡು, ಕೊಡಗುಗಳಲ್ಲಿ ಕೇಪಿನ ಕೋವಿ ಎಂದು ಹೆಸರಾದ, ಬಾಯಿಯಿಂದ ಮದ್ದು ತುಂಬುವ ಕೋವಿಗೆ ಇದರ ಹೊರತು ಬೇರೆ ಕಾವಲಿಲ್ಲ.

ಈಗ ಮೀರತ್ತಿಗೆ ಬರೋಣ. ಎನ್‌ಫೀಲ್ಡ್ ಎಂಬ ಹೊಸ ರೈಫಲು, ಅದರ ತೋಟಾಕ್ಕೆ ಹಚ್ಚಿದ ಕೊಬ್ಬು, ಹಲ್ಲಿನಿಂದ ಕಚ್ಚಬೇಕೆಂಬ ಆಜ್ಞೆ, ಈ ಕಥೆ ಎಲ್ಲರಿಗೂ ತಿಳಿದದ್ದೇ. 1857ರ ಮೇ 10ರಂದು ಮೀರತ್ತಿನಲ್ಲಿ ಎದ್ದ ಸಿಪಾಯಿಗಳು ಮರುದಿನ ಬೆಳಿಗ್ಗೆ ಯಮುನೆ ದಾಟಿ ದಿಲ್ಲಿಗೆ ಬಂದರು. ದಂಗೆ ಅಡಗಿದ ಮೇಲೆ ಬ್ರಿಟಿಷರಿಗೆ ಹೊಳೆದ ಮೊದಲ ಪಾಠ, ಈ ದೇಶದ ಜನರ ಕೈಯಲ್ಲಿ ಆಯುಧ ಉಳಿಯಕೂಡದೆಂಬುದು. 1857ರಲ್ಲಿಯೂ ಮತ್ತೆ 1860ರಲ್ಲಿಯೂ ಅದಕ್ಕಾಗಿ ಕಾಯಿದೆಗಳಾದವು. ಊರೂರಿಗೆ ಹೋಗಿ ಕೋವಿ, ಕತ್ತಿ, ಈಟಿಗಳನ್ನು ಕಸಿದುಕೊಳ್ಳುವ ಕೆಲಸ ನಡೆಯಿತು. ಕನ್ನಡ ನಾಡಿನಲ್ಲಿ ಇದರ ಬಿಸಿ ತಾಗಿದ್ದು ಮುಧೋಳದ ಹತ್ತಿರದ ಹಲಗಲಿಯ ಬೇಡರಿಗೆ. ಆಯುಧ ಒಪ್ಪಿಸಲು ನಿರಾಕರಿಸಿ 1857ರ ನವೆಂಬರಿನಲ್ಲಿ ಅವರು ಹೋರಾಡಿದ್ದನ್ನೂ ಊರು ಸುಟ್ಟಿದ್ದನ್ನೂ ಲಾವಣಿಕಾರರು ಇಂದಿಗೂ ಹಾಡುತ್ತಾರೆ.

ಹಲಗಲಿಗೆ ಬೆಂಕಿ, ಕೊಡಗಿಗೆ ವಿನಾಯಿತಿ. ಎರಡೂ ಒಂದೇ ನೀತಿಯ ಎರಡು ಮುಖಗಳು. ಇದನ್ನು ಹೇಳಲು ನಾವು ಹಿಂಜರಿಯಬೇಕಾದದ್ದಿಲ್ಲ. ಕೊಡಗು 1834ರಲ್ಲಿ ಚಿಕ್ಕವೀರರಾಜನ ಪದಚ್ಯುತಿಯೊಡನೆ ಕಂಪೆನಿಯ ಕೈಸೇರಿತ್ತು. 1857ರ ಗಲಭೆಯಲ್ಲಿ ಅಲ್ಲಿಯವರು ಸರಕಾರದ ವಿರುದ್ಧ ಏಳಲಿಲ್ಲ. ಅದನ್ನು ನೆನೆದು, ಮೈಸೂರಿನ ಜೊತೆಗೆ ಕೊಡಗಿನ ಆಡಳಿತವನ್ನೂ ನೋಡಿಕೊಳ್ಳುತ್ತಿದ್ದ ಮಾರ್ಕ್ ಕಬ್ಬನ್ ಸಾಹೇಬರು, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವರೇ, 1861ರ ಫೆಬ್ರವರಿಯಲ್ಲಿ ಕೊಡವರನ್ನು ಆಯುಧ ಕಾಯಿದೆಯಿಂದ ಹೊರಗಿಡುವ ಘೋಷಣೆ ಹೊರಡಿಸಿದರು. ಅವರ ನಿಷ್ಠೆಯನ್ನೂ ಶೌರ್ಯವನ್ನೂ ಹೊಗಳಿದ ಬರಹ ಅದು. ಅದೇ ವರ್ಷ ಏಪ್ರಿಲಿನಲ್ಲಿ, ಸ್ವದೇಶಕ್ಕೆ ಹೊರಟ ಸಾಹೇಬರು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಮೂರು ದಶಕದ ಸೇವೆಯ ಕಡೆಯ ಕಡತಗಳಲ್ಲಿ ಇದೂ ಒಂದಾಯಿತು. 1878ರಲ್ಲಿ ಲಿಟನ್ನನ ಕಾಲದ ಆಯುಧ ಕಾಯಿದೆ ಇಡೀ ದೇಶವನ್ನು ಲೈಸೆನ್ಸಿನ ಬಲೆಯೊಳಗೆ ತಂದಾಗಲೂ ಕೊಡಗಿನ ವಿನಾಯಿತಿ ಉಳಿಯಿತು.

ವಿನಾಯಿತಿ ಕೊಡವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲೇ ಬಹಳ ಜನಕ್ಕಿದೆ. ಸೇವೆಗೆ ಪ್ರತಿಯಾಗಿ ರಾಜರ ಕಾಲದಿಂದ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ, ಅವರು ಯಾವ ಜಾತಿಯವರೇ ಆಗಿರಲಿ, ಅದು ಸಲ್ಲುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಅಪಾಯದ್ದು. ವಿನಾಯಿತಿ ಇರುವುದು ಲೈಸೆನ್ಸಿನಿಂದ. ಕಾಯಿದೆಯಿಂದಲ್ಲ, ಎಚ್ಚರಿಕೆಯಿಂದಂತೂ ಅಲ್ಲವೇ ಅಲ್ಲ.

ಆ ಎಚ್ಚರಿಕೆಯನ್ನು ಕೊಡಗು ತನ್ನ ಕಟ್ಟಳೆಯಲ್ಲಿಯೇ ಹೆಣೆದಿಟ್ಟಿತ್ತು ಎಂಬುದು ನಮ್ಮ ಅಭಿಪ್ರಾಯ. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಮನೆಯ ಆಯುಧಗಳನ್ನೆಲ್ಲ ಶುಚಿಮಾಡಿ, ದೀಪ ತೂಗುವ ನಡುಮನೆಯಲ್ಲಿ ಸಾಲಾಗಿಟ್ಟು, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೊಡವ ಭಾಷೆಯಲ್ಲಿ ಕೋವಿ. ಬೆಂಕಿಯ ನಾಲಗೆಯಂತೆ ಕೆಂಪು ಹಳದಿಯಾಗಿ ಅರಳುವ, ನಾವು ಅಗ್ನಿಶಿಖೆ ಎನ್ನುವ ಹೂವಿಗೆ ಅವರು ಕೋವಿ ಹೂ ಎಂದೇ ಹೆಸರಿಟ್ಟಿದ್ದಾರೆ. ಹಿರಿಯರು ಬುದ್ಧಿಮಾತು ಹೇಳಿ ಕಿರಿಯರ ಕೈಗೆ ಕೋವಿ ಕೊಡುತ್ತಾರೆ. ಆಮೇಲೆ ಊರ ಬಯಲಿನಲ್ಲಿ ಎತ್ತರದ ಮರದ ಕೊಂಬೆಗೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಪಂದ್ಯ.

ಧಾರ್ಮಿಕ ವಿಧಿಯನ್ನು ಸ್ವಲ್ಪ ಬದಿಗಿಟ್ಟು ಇದನ್ನೇ ನೋಡಿದರೆ ಕಾಣುವುದೇನು? ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಕೋವಿಯನ್ನು ಬಿಚ್ಚಿ ಒರಸಿ, ತುಕ್ಕು, ಸವೆತ ನೋಡುವುದು ಕಡ್ಡಾಯ. ಯಾವ ಮನೆಯಲ್ಲಿ ಎಷ್ಟು ಕೋವಿಗಳಿವೆ ಎಂದು ಎಲ್ಲರಿಗೂ ಗೊತ್ತು. ಹುಡುಗನಿಗೆ ಕೋವಿ ಸಿಗುವುದು ಅಂಗಡಿಯಿಂದಲ್ಲ, ಅಜ್ಜನ ಕೈಯಿಂದ, ಹತ್ತು ಜನರ ಎದುರಿನಲ್ಲಿ. ಮೊದಲ ಗುಂಡನ್ನು ಅವನು ಹಾರಿಸುವುದು ಎಲ್ಲರೂ ಹಿಂದೆ ನಿಂತು ನೋಡುತ್ತಿರುವಾಗ, ಗುರಿ ಒಂದೇ ಇರುವಾಗ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಎಂಬ ಲೆಕ್ಕವೂ ಹೀಗೆಯೇ. ಬೆಟ್ಟದಾಚೆಯ ಮನೆಗೆ ಸುದ್ದಿ ಮುಟ್ಟಿಸುವ ಕೆಲಸ ಅದು. ಲೆಕ್ಕ ತಪ್ಪಿ ಹಾರಿಸಿದರೆ ಸುದ್ದಿಯೇ ತಪ್ಪಾಗುತ್ತಿತ್ತು! ಕೋವಿಗೆ ಕೀಲಿಲ್ಲದಿದ್ದಾಗ ಮನುಷ್ಯರ ನಡುವೆ ಕೀಲು ಹಾಕಿಕೊಂಡಿದ್ದರು.

ಹಾಗೆಂದು ಕೊಡಗಿನಲ್ಲಿ ಕೋವಿಯಿಂದ ಅನಾಹುತವೇ ಆಗಲಿಲ್ಲ ಎಂದರೆ ಸುಳ್ಳಾದೀತು. ಕಾಫಿ ತೋಟದೊಳಗೆ ಸಂಜೆಗತ್ತಲಲ್ಲಿ ಪೊದೆ ಅಲುಗಿತು, ಹಂದಿ ಎಂದು ಹೊಡೆದರು, ಬಿದ್ದದ್ದು ಜೊತೆಗಾರ ಎಂಬ ವರದಿ ಮಡಿಕೇರಿಯ ಕಡೆಯಿಂದ ಆಗಾಗ ಬರುತ್ತಲೇ ಇರುತ್ತದೆ. ಬೇಲಿ ದಾಟುವಾಗ, ಹಳೆಯ ಯುದ್ಧಕಾಲದ ಕಡಂಗಗಳನ್ನು ಹಾರುವಾಗ ತುಂಬಿದ ಕೋವಿ ಕೈತಪ್ಪುವುದೂ ಉಂಟು. 1972ರ ವನ್ಯಜೀವಿ ಕಾಯಿದೆಯ ಅನಂತರ ಬೇಟೆಯ ಮಾತೇ ಇಲ್ಲವಾದರೂ ಕದ್ದು ಹೋಗುವವರು ಹೋಗುತ್ತಾರೆ. ಕದ್ದು ಹೋಗುವ ಕಡೆ ಹಿರಿಯರೂ ಇಲ್ಲ, ಕಟ್ಟಳೆಯೂ ಇಲ್ಲ.

ಇನ್ನು ಕಬ್ಬಿಣದ ಕೀಲಿನ ಕಥೆ. ನಾವು ವಿಜ್ಞಾನದ ವಿದ್ಯಾರ್ಥಿಗಳಾಗಿದ್ದವರು. ಯಂತ್ರದ ಒಳಗೆ ಇಣುಕದೆ ಮುಂದೆ ಹೋಗಲು ಮನಸ್ಸು ಬಾರದು.

ಹಿಂದಿನಿಂದ ತೋಟಾ ತುಂಬುವ ರೈಫಲುಗಳು ಬಂದಾಗ ಕುದುರೆ ಹೊರಗಿನಿಂದ ಒಳಗೆ ಸೇರಿತು. ಉದ್ದನೆಯ ಬೋಲ್ಟಿನೊಳಗೆ ಸ್ಪ್ರಿಂಗು, ಅದರ ತುದಿಯಲ್ಲಿ ಸೂಜಿ. ಟ್ರಿಗರ್ ಎಳೆದರೆ ತಡೆಹಲ್ಲು ಕೆಳಗಿಳಿದು, ಸೂಜಿ ಮುನ್ನುಗ್ಗಿ ತೋಟಾದ ತಳವನ್ನು ಕುಟ್ಟುತ್ತದೆ. ಕುದುರೆ ಕಣ್ಣಿಗೆ ಕಾಣದಂತಾದದ್ದರಿಂದ ಕೋವಿ ಎದ್ದು ಕೂತಿದೆಯೋ ಮಲಗಿದೆಯೋ ಎಂದು ಒಂದು ನೋಟಕ್ಕೆ ತಿಳಿಯದಾಯಿತು. ಆಗ ಬೇಕಾಯಿತು ಪ್ರತ್ಯೇಕವಾದ ಸೇಫ್ಟಿ ಕೀಲು. ಬ್ರಿಟಿಷ್ ಸೈನ್ಯಕ್ಕೆ ಮಾತ್ರ ಇದರ ವಿಷಯದಲ್ಲಿ ಬಹಳ ದಿನ ಚಂಚಲತೆಯಿತ್ತು. 1888ರ ಲೀ-ಮೆಟ್‌ಫರ್ಡ್ ರೈಫಲಿಗೆ ಮೊದಲು ಕೀಲು ಇಟ್ಟರು. ಕೆಲವೇ ವರ್ಷಗಳಲ್ಲಿ, ಅರ್ಧ ಕುದುರೆಯೇ ಸಾಕೆಂದು ತೆಗೆದುಹಾಕಿದರು. 1895ರ ಲೀ-ಎನ್‌ಫೀಲ್ಡಿನಲ್ಲಿ ಮತ್ತೆ ತಂದರು. 1903ರ ಗಿಡ್ಡ ಲೀ-ಎನ್‌ಫೀಲ್ಡಿನಲ್ಲಿ ಅದು ಎಡಮಗ್ಗುಲಿಗೆ ಬಂದು ನೆಲೆಸಿತು. ಬಂಗಾಳದ ಇಚ್ಛಾಪುರದ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ದೇಶದ ಪೊಲೀಸ್ ಠಾಣೆಗಳಿಗೆಲ್ಲ ಹಂಚಿಹೋದ '.303' ಎಂದರೆ ಇದೇ. ಉತ್ತರ ಪ್ರದೇಶದ ಪೊಲೀಸರು ಇದನ್ನು 2020ರ ಗಣರಾಜ್ಯ ದಿನದ ಪೆರೇಡಿನಲ್ಲಿ ಬೀಳ್ಕೊಟ್ಟರು. ನೋಯ್ಡಾ, ಗಾಜಿಯಾಬಾದಿನ ನಮ್ಮವರು ಬ್ಯಾಂಕಿನ ಬಾಗಿಲಲ್ಲೋ ಚುನಾವಣೆಯ ಮತಗಟ್ಟೆಯಲ್ಲೋ ಅದನ್ನು ಕಂಡೇ ಇರುತ್ತಾರೆ.

ಅದರ ಕೀಲನ್ನು ಹಿಂದಕ್ಕೆ ತಿರುಗಿಸಿದರೆ ಸೂಜಿಯ ಹಿಂಬದಿಯೂ ಬೋಲ್ಟೂ ಎರಡೂ ಬಿಗಿದುಕೊಳ್ಳುತ್ತವೆ. ಮುಂದಕ್ಕೆ ತಳ್ಳಿದರೆ ಗುಂಡು ಹಾರಲು ಸಿದ್ಧ. ಜರ್ಮನಿಯಲ್ಲಿ ಮೌಸರ್ 1898ರಲ್ಲಿ ಮಾಡಿದ ರೈಫಲಿನಲ್ಲಿ ಹಿಂತುದಿಯಲ್ಲಿ ಒಂದು ರೆಕ್ಕೆ ಇದೆ. ಅದು ಬಲಕ್ಕೆ ಮಲಗಿದರೆ ಎಲ್ಲವೂ ಬಂದ್. ಎಡಕ್ಕೆ ಮಲಗಿದರೆ ಸಿದ್ಧ. ನಡುವೆ ನೆಟ್ಟಗೆ ನಿಂತರೆ ಗುಂಡು ಹಾರದು, ಆದರೆ ಬೋಲ್ಟು ತೆರೆಯುತ್ತದೆ. ಈ ನಡುವಿನ ಸ್ಥಾನ ಬಹಳ ಜಾಣತನದ್ದು. ಕೋವಿಯನ್ನು ಖಾಲಿ ಮಾಡುವ ಹೊತ್ತೇ ಹೆಚ್ಚು ಅಪಾಯದ ಹೊತ್ತು ಎಂಬುದನ್ನು ಮೌಸರ್ ಕಂಡುಕೊಂಡಿದ್ದ.

ಎಲ್ಲರೂ ಅದನ್ನು ಕಲಿಯಲಿಲ್ಲ. ಅಮೆರಿಕದಲ್ಲಿ 1962ರಲ್ಲಿ ಬಂದು ಲಕ್ಷಾಂತರ ಮಾರಾಟವಾದ ರೆಮಿಂಗ್ಟನ್ 700 ಎಂಬ ಬೇಟೆಯ ರೈಫಲಿನಲ್ಲಿ, 1982ರವರೆಗೆ, ಸೇಫ್ಟಿ ಹಾಕಿದ್ದರೆ ಬೋಲ್ಟೂ ತೆರೆಯುತ್ತಿರಲಿಲ್ಲ. ಖಾಲಿ ಮಾಡಬೇಕೆಂದರೆ ಮೊದಲು ಸೇಫ್ಟಿಯನ್ನೇ ತೆಗೆಯಬೇಕು! 2000ದ ಅಕ್ಟೋಬರಿನಲ್ಲಿ ಮಾಂಟಾನಾ ರಾಜ್ಯದಲ್ಲಿ ಬೇಟೆ ಮುಗಿಸಿದ ತಾಯಿಯೊಬ್ಬಳು ರೈಫಲನ್ನು ಖಾಲಿ ಮಾಡಲೆಂದು ಕೀಲು ಸರಿಸಿದ ಕ್ಷಣವೇ ಗುಂಡು ಹಾರಿ ಆಕೆಯ ಒಂಬತ್ತು ವರ್ಷದ ಮಗ ಸತ್ತ. ತಾನು ಟ್ರಿಗರ್ ಮುಟ್ಟಲೇ ಇಲ್ಲ ಎಂದು ಆಕೆ ಹೇಳಿದಳು. ರಚನೆಯಲ್ಲಿ ದೋಷವಿಲ್ಲವೆಂದು ಕಂಪೆನಿ ವಾದಿಸುತ್ತ ಬಂದಿತಾದರೂ, ವರ್ಷಗಟ್ಟಲೆ ನಡೆದ ವ್ಯಾಜ್ಯಗಳ ರಾಜಿಯಲ್ಲಿ ಟ್ರಿಗರುಗಳನ್ನು ಬದಲಿಸಿಕೊಡಲು ಒಪ್ಪಿತು.

ಕೀಲಿನ ಇನ್ನೊಂದು ತೊಡಕೆಂದರೆ ಅದಕ್ಕೆ ಒಂದು ಭಾಷೆಯಿಲ್ಲ. ಲೀ-ಎನ್‌ಫೀಲ್ಡಿಗೆ ಹಿಂದಕ್ಕೆ ತಿರುಗಿದರೆ ಕ್ಷೇಮ, ಮೌಸರಿಗೆ ಬಲಕ್ಕೆ, ಕಲಾಶ್ನಿಕೋವಿನಲ್ಲಿ ಬಲಮಗ್ಗುಲ ಸನ್ನೆ ಎಲ್ಲಕ್ಕಿಂತ ಮೇಲಿದ್ದರೆ ಕ್ಷೇಮ, ಒಂದು ಹೆಜ್ಜೆ ಇಳಿದರೆ ಸರಣಿ ಗುಂಡು, ಕೆಳಗಿಳಿದರೆ ಒಂಟಿ ಗುಂಡು. ನಮ್ಮ ಊರಿನ ಜೋಡುನಳಿಗೆಯ ತೋಟಾ ಕೋವಿಗೆ ಹೆಬ್ಬೆರಳಿನ ಕೆಳಗೆ ಜಾರುವ ಗುಂಡಿ. ಅದರಲ್ಲೂ ಹಲವು ಕೋವಿಗಳ ಕೀಲು ಟ್ರಿಗರನ್ನು ಮಾತ್ರ ತಡೆಯುತ್ತದೆ, ಒಳಗಿನ ಕುದುರೆಯನ್ನಲ್ಲ. ನೆಲಕ್ಕೆ ಬಿದ್ದ ಪೆಟ್ಟಿಗೆ ಸವೆದ ಕಚ್ಚು ಜಾರಿದರೆ ಟ್ರಿಗರಿನ ಹಂಗಿಲ್ಲದೆ ಗುಂಡು ಹಾರೀತು. ಒಂದು ಕೋವಿ ಗೊತ್ತಿದ್ದವನಿಗೆ ಎಲ್ಲ ಕೋವಿಯೂ ಗೊತ್ತು ಎಂದು ಭಾವಿಸುವಂತಿಲ್ಲ. ಮಾವನ ಮನೆಯ ಕೋವಿಯನ್ನು ಎತ್ತಿಕೊಂಡು "ಸೇಫ್ಟಿ ಹಾಕಿದೆ" ಎಂದು ಧೈರ್ಯ ಹೇಳುವ ಅಳಿಯಂದಿರಿಗೆ ಇದನ್ನು ಓದಿ ಹೇಳಬೇಕು.

ಹಾಗಾದರೆ ತಿಳಿದವರು ಏನು ಮಾಡುತ್ತಾರೆ? ದಿಲ್ಲಿಯಲ್ಲಿ ನೋಡಿ ಕಲಿಯಲು ಎರಡು ಒಳ್ಳೆಯ ಜಾಗಗಳಿವೆ. ಒಂದು, ದಂಡಿನ ಪ್ರದೇಶದ ಕಾರ್ಯಪ್ಪ ಪೆರೇಡ್ ಮೈದಾನ. 1949ರ ಜನವರಿ 15ರಂದು ಭಾರತದ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕಾರ್ಯಪ್ಪನವರ ಹೆಸರಿನದು. ಸೈನ್ಯ ದಿನದ ಪೆರೇಡು 2023ರಿಂದ ಬೇರೆ ಬೇರೆ ಊರುಗಳಿಗೆ ಹೋಗತೊಡಗಿದರೂ, ಎನ್.ಸಿ.ಸಿ.ಯ ಗಣರಾಜ್ಯೋತ್ಸವ ಶಿಬಿರಕ್ಕೆ ದೇಶದ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಇಲ್ಲಿಗೇ ಬರುತ್ತಾರೆ. ನಮ್ಮ ಮಕ್ಕಳಲ್ಲಿ ಎನ್.ಸಿ.ಸಿ. ಸೇರಿದವರನ್ನು ಕೇಳಿ ನೋಡಿ: ರೈಫಲು ಕೈಗೆ ಬಂದ ಕೂಡಲೇ ಕಲಿಸುವುದು ಗುರಿ ಹಿಡಿಯುವುದನ್ನಲ್ಲ, 'ಜಾಂಚ್ ಶಸ್ತ್ರ'ವನ್ನು. ಬೋಲ್ಟು ತೆರೆದು ಗೂಡು ಬರಿದಾಗಿದೆಯೆಂದು ತೋರಿಸಬೇಕು, ಉಸ್ತಾದರು ಕಣ್ಣಿಟ್ಟು ನೋಡಬೇಕು. ರೈಫಲು ಒಬ್ಬರಿಂದ ಒಬ್ಬರಿಗೆ ಹೋದಾಗೆಲ್ಲ ಮತ್ತೆ ಅದೇ. ಈಗ ತಾನೇ ನೋಡಿದೆನಲ್ಲ ಎಂದರೆ ಬೈಗುಳ ಗ್ಯಾರಂಟಿ. ಖಾಲಿ ಎಂದು ಕೊಟ್ಟವನು ಹೇಳಿದ್ದು ಲೆಕ್ಕಕ್ಕಿಲ್ಲ. ಅವರ ಕೈಗೆ ಕೊಡುವ .22 ತೋಟಾ ನೋಡಲು ಕಿರುಬೆರಳಿನ ಗಾತ್ರವೂ ಇಲ್ಲ; ಆದರೂ ಆ ಗುಂಡು ಒಂದೂವರೆ ಕಿಲೋಮೀಟರಿನಾಚೆಗೂ ಮನುಷ್ಯನನ್ನು ಗಾಯಗೊಳಿಸಬಲ್ಲುದು. .303 ಆದರೆ ಮೂರು ಕಿಲೋಮೀಟರಿಗೂ ಮೀರಿ ಹೋಗುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಗುರಿಯೇ ಇಲ್ಲವೆಂದು ತಿಳಿಯಬೇಕು.

ಇನ್ನೊಂದು ಜಾಗ ತುಘಲಕಾಬಾದಿನ ಕರಣಿ ಸಿಂಗ್ ಶೂಟಿಂಗ್ ರೇಂಜ್. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಿದ್ದು, 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ಹೊಸದಾಗಿ ಎದ್ದದ್ದು. ಅಲ್ಲಿಯ ಪಂದ್ಯದ ರೈಫಲುಗಳನ್ನು ಕಂಡರೆ ಆಶ್ಚರ್ಯವಾದೀತು. ಜಗತ್ತಿನ ಅತ್ಯಂತ ನಿಖರವಾದ ಇಂಥ ಅನೇಕ ರೈಫಲುಗಳಿಗೆ ಸೇಫ್ಟಿ ಕೀಲೇ ಇಲ್ಲ. ಅದರ ಬದಲು ಅಂತರರಾಷ್ಟ್ರೀಯ ನಿಯಮದಂತೆ ಎದ್ದುಕಾಣುವ ಬಣ್ಣದ ಒಂದು ದಾರವನ್ನೋ ಕಡ್ಡಿಯನ್ನೋ ಗೂಡಿನೊಳಗೆ ತೂರಿಸಿಡುತ್ತಾರೆ. ಅದು ಒಳಗಿರುವಷ್ಟು ಹೊತ್ತು ತೋಟಾ ಕೂರಲು ಸ್ಥಳವಿಲ್ಲ, ಮತ್ತು ಅದು ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ಕೋವಿಯ ಬಾಯಿ ಸದಾ ಗುರಿಯ ದಿಕ್ಕಿಗೆ, ಬೆರಳು ಟ್ರಿಗರಿನ ಹೊರಗೆ, ಅಪ್ಪಣೆಯಾದ ಮೇಲೆಯೇ ತುಂಬುವುದು, ನಿಲ್ಲಿಸಿ ಎಂದೊಡನೆ ನಿಲ್ಲುವುದು. ತೆಂಗಿನಕಾಯಿಯ ಪಂದ್ಯದಲ್ಲಿ ಊರ ಹಿರಿಯ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ರೇಂಜ್ ಅಧಿಕಾರಿ ಮಾಡುತ್ತಾನೆ, ಅಷ್ಟೇ ವ್ಯತ್ಯಾಸ.

ಆಯುಧ ಹಿಡಿಯುವುದು ಪ್ರಜೆಯ ಹಕ್ಕಾಗಬೇಕೆ ಎಂಬ ಪ್ರಶ್ನೆಯೂ ಒಮ್ಮೆ ದಿಲ್ಲಿಯಲ್ಲೇ ಇತ್ಯರ್ಥವಾಯಿತು, ಅದನ್ನು ಎತ್ತಿದವರು ಕನ್ನಡ ಕರಾವಳಿಯಲ್ಲಿ ಹುಟ್ಟಿದವರು. ಲಿಟನ್ನನ ಕಾಯಿದೆಯ ಅವಮಾನವನ್ನು ಮರೆಯದ ಕಾಂಗ್ರೆಸ್ಸು 1931ರ ಕರಾಚಿ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಪ್ರಜೆಗೆ ಕೊಡಮಾಡಿತ್ತು. ಅದನ್ನೇ ಹಿಡಿದು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು 1948ರ ಡಿಸೆಂಬರ್ ಆರಂಭದಲ್ಲಿ ಸಂವಿಧಾನ ಸಭೆಯ ಮುಂದೆ ತಿದ್ದುಪಡಿ ತಂದರು. ಇಂದು ಸಂವಿಧಾನ ಸದನವೆಂದು ಕರೆಯುವ ಹಳೆಯ ಸಂಸತ್ ಭವನದಲ್ಲಿ ನಡೆದ ಆ ಚರ್ಚೆಯಲ್ಲಿ ಅಂಬೇಡ್ಕರರು ಒಪ್ಪಲಿಲ್ಲ. ಕಾಮತರ ತಿದ್ದುಪಡಿ ಬಿದ್ದುಹೋಯಿತು. ಕಾಮತರು ಐ.ಸಿ.ಎಸ್. ಬಿಟ್ಟು ಸುಭಾಷ್ ಬಾಬುಗಳ ಹಿಂದೆ ಹೋದವರು. ಅವರ ರೋಷ ನಮಗೆ ಅರ್ಥವಾಗುತ್ತದೆ. ಆದರೆ ಇಷ್ಟು ವರ್ಷ ಈ ಊರಿನಲ್ಲಿ ಬಾಳಿದ ಮೇಲೆ, ಸಭೆಯ ತೀರ್ಮಾನವೇ ಸರಿಯೆಂದು ನಮಗೆ ತೋರುತ್ತದೆ.

ಏಕೆಂದರೆ ಇಲ್ಲಿಯ ಮದುವೆಗಳನ್ನು ನಾವು ನೋಡಿದ್ದೇವೆ. ಬ್ಯಾಂಡು, ಕುದುರೆಯ ಮೇಲೆ ವರ, ಮುಂದೆ ಕುಣಿಯುವ ಗೆಳೆಯರು, ಅವರಲ್ಲಿ ಒಬ್ಬನ ಸೊಂಟದಿಂದ ಹೊರಬರುವ ಪಿಸ್ತೂಲು. ಹಿಂದಿ ಪತ್ರಿಕೆಗಳು ಇದಕ್ಕೆ 'ಹರ್ಷ ಫೈರಿಂಗ್' ಎಂಬ ಚೆಂದದ ಹೆಸರಿಟ್ಟಿವೆ. ಮದುವೆಯ ಕಾಲ ಬಂತೆಂದರೆ ಗಾಜಿಯಾಬಾದ್, ನೋಯ್ಡಾ, ಹರಿಯಾಣದ ಕಡೆಯ ಪುಟಗಳಲ್ಲಿ ವರನೋ ಛಾಯಾಗ್ರಾಹಕನೋ ಮಹಡಿಯಿಂದ ಮೆರವಣಿಗೆ ನೋಡುತ್ತಿದ್ದ ಮಗುವೋ ಬಿದ್ದ ಸುದ್ದಿ. ಹಾರಿಸಿದವನು ಹೇಳುವುದು ಒಂದೇ: ಗಾಳಿಗೆ ಹಾರಿಸಿದೆ. ಗಾಳಿಗೆ ಹಾರಿದ ಗುಂಡು ಗಾಳಿಯಲ್ಲೇ ಉಳಿಯುವುದಿಲ್ಲ. ನೆಟ್ಟಗೆ ಮೇಲೆ ಹೋದದ್ದು ಗಾಳಿಯ ತಡೆಗೆ ಸಿಕ್ಕಿ ನಿಧಾನಿಸಿ ಬಿದ್ದೀತು. ಓರೆಯಾಗಿ ಹೋದದ್ದು ಅದಕ್ಕಿಂತ ಹೆಚ್ಚು ವೇಗವನ್ನು ಉಳಿಸಿಕೊಂಡೇ ಯಾವುದೋ ಬೀದಿಗೆ ಇಳಿಯುತ್ತದೆ. ಕುಣಿಯುವವನ ಕೈಯಲ್ಲಿ ನೆಟ್ಟಗೆ ಎಂಬುದು ಎಲ್ಲಿಂದ ಬರಬೇಕು?

ಪುತ್ತರಿಯ ಗುಂಡೂ ಆಕಾಶಕ್ಕೇ ಅಲ್ಲವೇ ಎಂದು ಸಹೋದ್ಯೋಗಿಯೊಬ್ಬರು ನಮ್ಮನ್ನು ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆ. ಕೇಪಿನ ಕೋವಿಯಲ್ಲಿ ಗುಂಡು ಹಾಕದೆ ಮದ್ದು ಮಾತ್ರ ಗಿಡಿದು ಸದ್ದು ಮಾಡಬಹುದಿತ್ತು. ಅಂಗಡಿಯ ತೋಟಾದಲ್ಲಿ ಚರೆಯೋ ಗುಂಡೋ ಸೇರಿಯೇ ಬರುತ್ತದೆ. ಕೋವಿ ಬದಲಾದಾಗ ಕಟ್ಟಳೆಯ ಅಪಾಯವೂ ಬದಲಾಗುತ್ತದೆ, ಕೊಡಗಿನವರೂ ಇದನ್ನು ಯೋಚಿಸಬೇಕು. ಗದ್ದೆಯ ಬಯಲಿನಲ್ಲಿ, ಎಲ್ಲರಿಗೂ ತಿಳಿದ ಮುಹೂರ್ತದಲ್ಲಿ, ಕುಡಿಯದ ಒಬ್ಬ ಹಿರಿಯ ಹಾರಿಸುವ ಒಂದು ಗುಂಡಿಗೂ, ಬಹುಮಹಡಿಗಳ ನಡುವೆ ಅಮಲೇರಿದ ಹತ್ತು ಜನರ ಪೈಪೋಟಿಗೂ ಅಂತರವಂತೂ ಇದ್ದೇ ಇದೆ.

ಕಾಯಿದೆ ತಡವಾಗಿಯಾದರೂ ಎಚ್ಚೆತ್ತಿದೆ. 1878ರದ್ದನ್ನು ತೆಗೆದು ಬಂದ 1959ರ ಆಯುಧ ಕಾಯಿದೆಗೆ 2019ರ ಡಿಸೆಂಬರಿನಲ್ಲಿ ತಿದ್ದುಪಡಿಯಾಗಿ, ಸಂಭ್ರಮಕ್ಕೆಂದು ಅಥವಾ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಎಂದಾಗಿದೆ. ಯಾರಿಗೂ ಗಾಯವಾಗಲೇಬೇಕೆಂದಿಲ್ಲ. ಲೈಸೆನ್ಸ್ ಇದ್ದರೂ ತಪ್ಪು ತಪ್ಪೇ. ಆಮಂತ್ರಣ ಬಂದ ಮದುವೆಯಲ್ಲಿ ಬಂದೂಕು ಕಂಡರೆ ಮಕ್ಕಳನ್ನು ಕರೆದುಕೊಂಡು ಗೋಡೆಯ ಮರೆಗೆ, ಆಮೇಲೆ ಮನೆಗೆ. ಬಾಲ್ಕನಿಯಿಂದ ನೋಡುವುದಂತೂ ಬೇಡ. ನೆಂಟರು ಏನೆಂದುಕೊಂಡಾರು ಎಂಬ ದಾಕ್ಷಿಣ್ಯಕ್ಕೆ ಇದು ಜಾಗವಲ್ಲ. ಊರಿಗೆ ರಜೆಗೆ ಹೋದಾಗಲೂ ಅಷ್ಟೆ: ಅಜ್ಜನ ಮನೆಯ ಕೋವಿ ಬೀಗದೊಳಗೆ, ತೋಟಾ ಇನ್ನೊಂದು ಬೀಗದೊಳಗೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು. ದಿಲ್ಲಿಯಲ್ಲಿ ಬೆಳೆದ ಹುಡುಗನಿಗೆ ಗೋಡೆಯ ಮೇಲಿನ ಕೋವಿ ಸಿನಿಮಾದ ಸಾಮಾನಿನಂತೆ ಕಾಣುತ್ತದೆ.

ಕೊಡಗಿನ ವಿನಾಯಿತಿಯ ಮಾತಿಗೆ ಮರಳುವುದಾದರೆ, 1959ರ ಕಾಯಿದೆಯ 41ನೆಯ ಕಲಮಿನ ಕೆಳಗೆ 1963ರಲ್ಲಿ ಕೇಂದ್ರ ಸರಕಾರ ಅದನ್ನು ಅಧಿಸೂಚನೆಯ ಮೂಲಕ ಮುಂದುವರಿಸಿತು. ಜಾತಿಯ ಮೇಲೆ ಕೊಟ್ಟ ಈ ಸವಲತ್ತು ಸಮಾನತೆಗೆ ವಿರುದ್ಧವೆಂದು ಹೈಕೋರ್ಟಿನಲ್ಲಿ ಮೊಕದ್ದಮೆಯಾಯಿತು. 2019ರ ಅಕ್ಟೋಬರಿನಲ್ಲಿ ಗೃಹ ಸಚಿವಾಲಯ ಹತ್ತು ವರ್ಷದ ಅವಧಿ ಹಾಕಿ ಹೊಸ ಅಧಿಸೂಚನೆ ಹೊರಡಿಸಿತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಅನಿರ್ದಿಷ್ಟ ಕಾಲಕ್ಕಲ್ಲ, ಷರತ್ತುಗಳಿಗೆ ಒಳಪಟ್ಟಿದ್ದು ಎಂಬುದೂ ಅದು ನೀಡಿದ ಕಾರಣಗಳಲ್ಲಿ ಒಂದು. ಕಡತಗಳ ನಡುವೆ ಆಯುಷ್ಯ ಕಳೆಯುವ ನಮಗೆ 'ಷರತ್ತುಗಳಿಗೆ ಒಳಪಟ್ಟು' ಎಂಬ ಮಾತಿನ ತೂಕ ಚೆನ್ನಾಗಿ ಗೊತ್ತು. ಕಬ್ಬನ್ ಸಾಹೇಬರ ಘೋಷಣೆಯಲ್ಲಿ ಹೊಗಳಿಕೆಯಿತ್ತು, ಈಗಿನದರಲ್ಲಿ ಮುಗಿಯುವ ತಾರೀಖು ಇದೆ: 2029ರ ಅಕ್ಟೋಬರ್ 31. ಅದಕ್ಕೆ ಸಾಕಷ್ಟು ಮೊದಲೇ ಕಡತ ಮತ್ತೆ ಯಾರದೋ ಮೇಜಿಗೆ ಬರುತ್ತದೆ. ಪರ, ವಿರೋಧದ ಟಿಪ್ಪಣಿಗಳ ಜೊತೆಗೆ, ಈ ಹತ್ತು ವರ್ಷಗಳಲ್ಲಿ ಕೊಡಗಿನ ತೋಟಗಳಲ್ಲಿಯೂ ಮನೆಗಳಲ್ಲಿಯೂ ಎಷ್ಟು ಗುಂಡು ತಪ್ಪಿ ಹಾರಿತು ಎಂಬ ಲೆಕ್ಕವನ್ನೂ ಯಾರಾದರೊಬ್ಬ ಗುಮಾಸ್ತ ಜಿಲ್ಲೆಯಿಂದ ತರಿಸಿ ಲಗತ್ತಿಸಿಯೇ ಇಡುತ್ತಾನೆ.